ಬುದ್ಧಿ ಬಂದವರಿಗೆ ತಲೆಗೊಂದು ಮನೆ

"ನಮ್ಮೂರಲ್ಲಿ ಸಾವಿರ ಮನೆ. ನಿಮ್ಮಲ್ಲಿ ಎಷ್ಟೋ?"

ನೆರೆಸೀಮೆಯ ಪಾಳೆಯಗಾರ ಊಟಕ್ಕೆ ಕೂತು ಹೀಗೆ ಕೇಳಿದ್ದೇ ತಡ, ಕಂಚಿನಕೋಟೆಯ ಅರಸು ಬಿರುದಪ್ಪನಾಯಕನಿಗೆ ಹೋಳಿಗೆ ಗಂಟಲಲ್ಲೇ ನಿಂತಿತು. ಅವನ ಊರಲ್ಲಿ ಇದ್ದದ್ದು ಮುನ್ನೂರ ಹನ್ನೆರಡು ಮನೆ. ಅದರಲ್ಲೂ ಎರಡಕ್ಕೆ ಸೂರಿರಲಿಲ್ಲ.

ನೆಂಟ ಅತ್ತ ಹೋಗುತ್ತಲೇ ಇತ್ತ ನಾಯಕ ಊರೆಲ್ಲ ಡಂಗುರ ಸಾರಿಸಿದ: "ಬುದ್ಧಿ ಬಂದವರು ಇಬ್ಬರು ಒಂದೇ ಸೂರಿನಡಿ ಇರಕೂಡದು! ಮನೆಯ ಹಿರಿಯರು ಇದ್ದಲ್ಲೇ ಇರತಕ್ಕದ್ದು. ಉಳಿದವರು ತಲೆಗೊಂದು ಮನೆ ಕಟ್ಟಿಕೊಳ್ಳತಕ್ಕದ್ದು!"

"ಗಂಡಹೆಂಡಿರು ಏನು ಮಾಡಬೇಕು ಬುದ್ಧೀ?" ಎಂದು ಕೇಳಿದ ಆಸ್ಥಾನದ ವಿದೂಷಕ ಗಿರಿಯಣ್ಣ. ಆ ಸೀಮೆಯಲ್ಲಿ ಅರಸನನ್ನು 'ಬುದ್ಧೀ' ಎಂದೇ ಕರೆಯುವ ವಾಡಿಕೆ. ಕರೆಯುವಾಗಲಾದರೂ ಇರಲಿ ಎಂದು ಹಿಂದಿನವರು ಮಾಡಿದ್ದಿರಬೇಕು.

"ಅವರಿಗೂ ಎರಡು ಮನೆ."

"ಮತ್ತೆ ಮಕ್ಕಳಾಗುವುದು ಹೇಗೆ?"

"ಅಕ್ಕಪಕ್ಕ ಕಟ್ಟಿಕೊಳ್ಳಲಿ! ಎಲ್ಲದಕ್ಕೂ ನಾನೇ ದಾರಿ ತೋರಿಸಬೇಕೇನು? ಹದಿನೈದು ದಿನ ಕೊಟ್ಟಿದ್ದೇನೆ. ಸಾವಿರ ಮನೆ ಎಣಿಸಿ ತೋರಿಸು. ಆಗಲಿಲ್ಲವೋ, ನೀನು ಗಡಿಯಾಚೆ."

ಇಡೀ ಆಸ್ಥಾನವನ್ನು ನಗಿಸುವ ಗಿರಿಯಣ್ಣ ಅವತ್ತು ಜೋಲುಮೋರೆ ಹಾಕಿಕೊಂಡು ಮನೆಗೆ ಬಂದ. ಅವನ ಮನೆಯಲ್ಲಿ ಎಂಬತ್ತೈದರ ಅಜ್ಜಿ ಮಂಚಮ್ಮ, ಅರವತ್ತೆರಡರ ಅಪ್ಪ ಚನ್ನಿಗಯ್ಯ, ಗಂಡ ಸತ್ತ ಮೇಲೆ ತವರಿಗೆ ಬಂದ ಸೋದರತ್ತೆ, ಹೆಂಡತಿ, ಇವನು. ದಿನ ಬೆಳಗಾದರೆ ಜಗಳ. ಆದರೆ ಒಬ್ಬರನ್ನು ಬಿಟ್ಟು ಒಬ್ಬರು ತುತ್ತು ಎತ್ತಿದವರಲ್ಲ. ಈ ಮನೆಯನ್ನು ಈಗ ಐದು ಚೂರು ಮಾಡಬೇಕು.

ಒಳಗೆ ಚನ್ನಿಗಯ್ಯ ಕಣ್ಣೊರೆಸಿಕೊಳ್ಳುತ್ತ ಆಗಲೇ ಗಂಟು ಕಟ್ಟುತ್ತಿದ್ದ. ಅವ್ವನನ್ನು ಬಿಟ್ಟು ಅವನು ಒಂದು ರಾತ್ರಿ ಬೇರೆ ಕಡೆ ಮಲಗಿದವನಲ್ಲ.

ಮಂಚಮ್ಮ ಗದರಿದಳು: "ಪಂಚೆ ಮೇಲೆ ಎಣ್ಣೆ ಕುಡಿಕೆ ಮಡಗ್ತಾರೇನ್ಲಾ? ಅರವತ್ತೆರಡಾಯ್ತು, ಇನ್ನೂ ಬುದ್ಧಿ ಬರ್ಲಿಲ್ವಲ್ಲ ನಿಂಗೆ!"

ಗಿರಿಯಣ್ಣ ಎಗರಿ ನಿಂತ. "ಅಜ್ಜೀ, ಏನಂದೆ? ಇನ್ನೊಂದ್ ಸಲ ಹೇಳು!"

"ಅವನಿಗೊಬ್ಬನಿಗೇ ಅಲ್ಲ, ನಿಂಗೂ ಬಂದಿಲ್ಲ."

"ನಿನ್ನ ಬಾಯಿಗೆ ಸಕ್ಕರೆ ಹಾಕ!" ಎಂದ ಗಿರಿಯಣ್ಣ, ಅಪ್ಪನ ಗಂಟನ್ನು ತಾನೇ ಬಿಚ್ಚಿದ.

ಮರುದಿನ ಆಸ್ಥಾನದಲ್ಲಿ ಕೈಮುಗಿದು ಕೇಳಿದ: "ಯಾರಿಗೆ ಬುದ್ಧಿ ಬಂದಿದೆ, ಯಾರಿಗೆ ಬಂದಿಲ್ಲ ಎಂದು ತೀರ್ಮಾನಿಸುವವರು ಯಾರು ಬುದ್ಧೀ?"

"ಇದೂ ಒಂದು ಪ್ರಶ್ನೆಯೇ? ಮನೆಯ ಹಿರಿಯರು! ಸಾಕಿ ಬೆಳೆಸಿದವರಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ?"

"ಹಾಗೆಂದು ಬರೆದು ಮುದ್ರೆ ಒತ್ತಿಕೊಡಬೇಕು."

ನಾಯಕ ಒತ್ತಿಕೊಟ್ಟ. ಊಟದ ಹೊತ್ತಾಗಿತ್ತು.

ಗಿರಿಯಣ್ಣ ಶಾನುಭೋಗನ ಕೈಗೆ ಲೇಖನಿ ಕೊಟ್ಟು ಮನೆ ಮನೆ ಹತ್ತಿ ಇಳಿದ. ನಾಲ್ಕು ಶಾಸ್ತ್ರ ಓದಿದ ಪಂಡಿತರ ತಾಯಿ, "ಇವನಿಗೆ ಬುದ್ಧಿಯೇ? ಮೂರನೇ ಕೊಡೆ ಎಲ್ಲಿ ಬಿಟ್ಟು ಬಂದ ಅಂತ ಕೇಳಿ ಸ್ವಾಮೀ" ಎಂದರು. ಪಂಡಿತರು ಆಕಾಶ ನೋಡಿದರು. ಗಾಣಿಗರ ಅತ್ತೆ ಸೊಸೆಯತ್ತ ಬೆರಳು ತೋರಿಸಿ, "ಹನ್ನೆರಡು ವರ್ಸದಿಂದ ಹೇಳ್ತಾನೇ ಇವ್ನಿ, ಸಾರಿಗೆ ಉಪ್ಪು ಕಮ್ಮಿ ಹಾಕು ಅಂತ" ಎಂದಳು. ಮದುವೆಯಾಗಿ ತಿಂಗಳಾಗಿದ್ದ ಜೋಡಿಯೊಂದು ಬೇರೆ ಹೋಗಲು ತುದಿಗಾಲಲ್ಲಿ ನಿಂತಿತ್ತು. ಅವರ ಮನೆಯಲ್ಲಂತೂ ಅಪ್ಪ, ಅಮ್ಮ, ಅಜ್ಜ ಮೂವರೂ ಒಂದೇ ಉಸಿರಿಗೆ "ಇಲ್ಲ" ಎಂದರು.

ಎಪ್ಪತ್ತಾರರ ಪಟೇಲ ಮಾತ್ರ ಮೀಸೆ ತಿರುವಿದ. "ನನ್ನನ್ನ ಯಾರ ಹತ್ರ ಕೇಳ್ತೀಯೋ? ನಾನೇ ಹಿರಿಯ!" ಅಷ್ಟರಲ್ಲಿ ಅವನ ಎಪ್ಪತ್ತೊಂಬತ್ತರ ಅಕ್ಕ ಕೋಲೂರಿಕೊಂಡು ಹೊರಗೆ ಬಂದಳು. "ಇವನಿಗಾ?" ಎಂದಳು. ಆಮೇಲೆ ನಗು, ನಗುವಿನ ಮೇಲೆ ಕೆಮ್ಮು. ಶಾನುಭೋಗ ಕೆಮ್ಮನ್ನೇ ಸಾಕ್ಷಿ ಎಂದು ಬರೆದುಕೊಂಡ.

ಹದಿನೈದನೇ ದಿನ ನಾಯಕ ಕೇಳಿದ: "ಎಷ್ಟಾಯಿತು?"

"ಮುನ್ನೂರ ಹನ್ನೆರಡು ಬುದ್ಧೀ. ಹಿರಿಯರನ್ನು ಬಿಟ್ಟರೆ ನಮ್ಮೂರಲ್ಲಿ ಬುದ್ಧಿ ಬಂದವರು ಒಬ್ಬರೂ ಇಲ್ಲ. ನಿಮ್ಮ ಮುದ್ರೆಯ ಪ್ರಕಾರವೇ ವಿಚಾರಿಸಿದ್ದೇನೆ. ಇನ್ನು ಅರಮನೆಯೊಂದು ಬಾಕಿ."

ರಾಜಮಾತೆ ಅಮ್ಮಣ್ಣಿಯವರು ಪಕ್ಕದಲ್ಲೇ ಎಲೆಗೆ ಸುಣ್ಣ ಸವರುತ್ತ ಕೂತಿದ್ದರು. ಗಿರಿಯಣ್ಣ ಅವರತ್ತ ತಿರುಗಿದ. "ಅಮ್ಮಾ, ತಮ್ಮ ಮಗನಿಗೆ ಬುದ್ಧಿ ಬಂದಿದೆಯೇ?"

"ಎಲ್ಲಿ ಬಂತಪ್ಪಾ! ಬಿಸಿ, ಆರಲಿ ಅಂತ ಬಡಕೊಂಡರೂ ನಿನ್ನೆ ಪಾಯಸಕ್ಕೆ ಬಾಯಿಟ್ಟು ನಾಲಿಗೆ ಸುಟ್ಟುಕೊಂಡ."

"ಅಮ್ಮಾ! ನನಗೆ ನಲವತ್ತೆಂಟು!" ಎಂದು ನಾಯಕ ಚೀರಿದ. ಸುಟ್ಟ ನಾಲಿಗೆಯಲ್ಲಿ ಅದು ಸರಿಯಾಗಿ ಹೊರಡಲೂ ಇಲ್ಲ.

"ತಕರಾರಿದ್ದರೆ ಹೇಳಿ ಬುದ್ಧೀ, ಬಂದಿದೆ ಎಂದೇ ಬರೆಯುತ್ತೇನೆ," ಎಂದ ಗಿರಿಯಣ್ಣ. "ಅಮ್ಮಣ್ಣಿಯವರು ಹಿರಿಯರು, ಅರಮನೆ ಅವರಿಗೆ. ತಮಗೆ ಆನೆಲಾಯದ ಹಿಂದೆ ಜಾಗ ನೋಡಿದ್ದೇನೆ, ಚಿಕ್ಕದಾದರೂ ಚೊಕ್ಕ. ರಾಣಿಯವರ ಮನೆ ಬೇರೆ, ಕೆರೆಯಾಚೆ. ಅಡುಗೆ ತಾವೇ ಮಾಡಿಕೊಳ್ಳಬೇಕು. ಅಡುಗೆಯವನಿಗೂ ತಮ್ಮ ಸೂರಿನಡಿ ಇರಲು ಅಪ್ಪಣೆಯಿಲ್ಲ."

ನಾಯಕ ದನಿ ತಗ್ಗಿಸಿದ. "ಬಂದಿಲ್ಲ ಎಂದರೆ?"

"ಬುದ್ಧಿ ಬಾರದವರ ಆಜ್ಞೆಯನ್ನು ಯಾರು ಕೇಳುತ್ತಾರೆ? ಬಂದಿದ್ದರೆ ಮನೆ ಬಿಡಿ, ಬಂದಿಲ್ಲದಿದ್ದರೆ ಆಜ್ಞೆ ಬಿಡಿ."

ನಾಯಕ ಒಮ್ಮೆ ತಾಯಿಯ ಮುಖ ನೋಡಿದ, ಒಮ್ಮೆ ಆನೆಲಾಯದ ದಿಕ್ಕಿಗೆ ನೋಡಿದ. ಆಮೇಲೆ ತೊಡೆ ತಟ್ಟಿಕೊಂಡು ನಕ್ಕೇಬಿಟ್ಟ. ಹೆಗಲ ಮೇಲಿದ್ದ ಶಾಲನ್ನು ತೆಗೆದು ಗಿರಿಯಣ್ಣನ ಮೇಲೆ ಎಸೆದ.

"ಸಾಕು ಮಾರಾಯ, ಸಾಕು! ಈಗ ನನಗೆ ಬುದ್ಧಿ ಬಂತು!"

ಗಿರಿಯಣ್ಣ ಗಾಬರಿಯಿಂದ ಅಮ್ಮಣ್ಣಿಯವರ ಕಡೆ ಒಮ್ಮೆ ನೋಡಿ, ನಾಯಕನ ಕಿವಿಯ ಹತ್ತಿರ ಬಗ್ಗಿದ.

"ಮೆಲ್ಲಗೆ ಬುದ್ಧೀ, ಮೆಲ್ಲಗೆ! ಮೊದಲು ಆಜ್ಞೆ ಹಿಂದಕ್ಕೆ ತೆಗೆದುಕೊಳ್ಳಿ, ಆಮೇಲೆ ಬರಲಿ. ಈಗಲೇ ಬಂದರೆ ಇವತ್ತೇ ಗಂಟುಮೂಟೆ ಕಟ್ಟಬೇಕಾಗುತ್ತದೆ!"