ಗುಡ್ಡದಪ್ಪ ಎಡಕ್ಕೆ ಹೂ ಕೊಟ್ಟ

ಹತ್ತಿರ ಸರಿದು ಕೂತುಕೊಳ್ಳಿ. ಮಲ್ಲೇಶಿಯ ಕತೆಯನ್ನು ಜೋರಾಗಿ ಹೇಳಿದರೆ ಅವನ ಅವ್ವನಿಗೆ ಕೇಳಿಸುತ್ತದೆ.

ಅವನ ಅವ್ವ ಚಂಬವ್ವ. ಅವಳಿಗೆ ಇದ್ದದ್ದು ಒಂದು ಎಮ್ಮೆ, ಒಬ್ಬ ಮಗ. ಎಮ್ಮೆಗೆ ಬುದ್ಧಿ ಇತ್ತು. ಮಗನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ನಾನು ಸತ್ತ ಮೇಲೆ ಇವನಿಗೆ ಇದು ಸರಿ, ಇದು ತಪ್ಪು ಅಂತ ಹೇಳುವವರು ಯಾರು? ಚಂಬವ್ವನಿಗೆ ಇದೊಂದೇ ಚಿಂತೆ.

ಒಂದು ದಿನ ಹೇಳಿಯೇಬಿಟ್ಟಳು: “ಮಗನಾ, ಏನು ಮಾಡೋದಿದ್ರೂ ಗುಡ್ಡದಪ್ಪನ್ನ ಕೇಳಿ ಮಾಡು. ಅವನು ಹೇಳಿದ್ದೇ ಸರಿ!”

“ಹೂಂ ಅವ್ವಾ!”

ಗುಡ್ಡದಪ್ಪ ಅಂದರೆ ಊರ ದೇವರು. ಕುಂಬಳಕಾಯಿಯಷ್ಟು ದಪ್ಪದ ಕಲ್ಲುಮೂರ್ತಿ. ಕೇಳುವುದು ಹೇಗೆಂದರೆ, ಅವನ ತಲೆಗೆ ಹಸಿ ಹೂ ಅಂಟಿಸಿ ಕಾಯಬೇಕು. ಬಲಕ್ಕೆ ಬಿದ್ದರೆ ಮಾಡು, ಎಡಕ್ಕೆ ಬಿದ್ದರೆ ಬೇಡ. ಬಲಕ್ಕೆ ಮಾಡು, ಎಡಕ್ಕೆ ಬೇಡ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮರುದಿನ ಎಮ್ಮೆ ಕೆರೆಯ ಕೆಸರಿನಲ್ಲಿ ಹೂತುಕೊಂಡಿತು. ಮಲ್ಲೇಶಿ ಗುಡಿಗೆ ಓಡಿದ. ಹೂ ಅಂಟಿಸಿದ. ಕಾದ. ಹೂ ಎಡಕ್ಕೆ ಬಿತ್ತು. ಬೇಡ! ವಾಪಸು ಬಂದು, ದಂಡೆಯ ಮೇಲೆ ಕೂತು, ಮುಳುಗುವ ಎಮ್ಮೆಯನ್ನು ನೋಡುತ್ತಾ ರೊಟ್ಟಿ ತಿಂದ. ಚಂಬವ್ವ, ಪಕ್ಕದ ಮನೆಯ ಫಕೀರವ್ವ ಇಬ್ಬರೂ ಹಗ್ಗ ಹಾಕಿ ಎಳೆದದ್ದಕ್ಕೆ ಎಮ್ಮೆ ಉಳಿಯಿತು.

ಚಂಬವ್ವ ಬೈದಳು: “ಹುಚ್ಚಪ್ಯಾಲಿ! ಎಮ್ಮಿ ಸಾಯ್ತಿತ್ತಲ್ಲೋ!”

“ಗುಡ್ಡದಪ್ಪ ಬ್ಯಾಡ ಅಂದ.”

“ಜೀವ ಉಳಸಾಕ ಯಾರರ ದೇವರನ್ನ ಕೇಳ್ತಾರೇನೋ? ಒಳ್ಳೇದಕ್ಕೆ ಕೇಳಬ್ಯಾಡ! ಕೆಟ್ಟದ್ದು ಮಾಡಬೇಕು ಅನ್ನಿಸ್ತದಲ್ಲ, ಆಗ ಕೇಳು!”

“ಹೂಂ ಅವ್ವಾ!”

ಫಕೀರವ್ವನ ಹಿತ್ತಲಲ್ಲಿ ಎಳೆಸೌತೆ ಜೋತಾಡುತ್ತಿದ್ದವು. ಮಲ್ಲೇಶಿಗೆ ಕದಿಯಬೇಕು ಅನ್ನಿಸಿತು. ಕದಿಯುವುದು ಕೆಟ್ಟದ್ದು, ಕೆಟ್ಟದ್ದಾದ್ದರಿಂದ ಕೇಳಬೇಕು. ಕೇಳಿದ. ಹೂ ಬಲಕ್ಕೆ ಬಿತ್ತು. ಮಾಡು! ಬಳ್ಳಿಸಮೇತ ಕಿತ್ತು ತಂದ.

ಫಕೀರವ್ವ ಬಾಗಿಲಲ್ಲಿ ನಿಂತು ಬಾಯಿ ಬಡಿದುಕೊಂಡಳು. ಚಂಬವ್ವ ಪೊರಕೆ ಎತ್ತಿದಳು. “ದೇವರು ಹೂಂ ಅಂದ್ರ ಕಳ್ಳತನ ಸರಿ ಆಗ್ತದೇನೋ?”

“ಅವನು ಹೇಳಿದ್ದೇ ಸರಿ ಅಂದಿದ್ದಿ!”

ಚಂಬವ್ವ ಪೊರಕೆ ಕೆಳಗಿಟ್ಟಳು.

“ತಪ್ಪು ಹೇಳಿದೆನಪಾ. ಯಾರು ಹೇಳಿದ್ರೂ ತಪ್ಪು ತಪ್ಪೇ! ಎಮ್ಮೀನ ಸಾಯಾಕ ಬಿಡೋದು ತಪ್ಪು. ಫಕೀರವ್ವನ ಬಳ್ಳಿ ಕೀಳೋದು ತಪ್ಪು. ತಪ್ಪು ಮಾಡಿದವರು ಎಷ್ಟ ದೊಡ್ಡವರಿರಲಿ, ನೊಂದವರ ಮುಂದ ಹೋಗಿ, ಕಿವಿ ಹಿಡಕೊಂಡು, ‘ತಪ್ಪಾತು’ ಅನ್ನಬೇಕು. ತಿಳೀತಾ?”

“ಹೂಂ ಅವ್ವಾ!”

ಈ ಸಲ ಅವನ ಕಣ್ಣು ಹೊಳೆದವು. ಬಂತು ಬುದ್ಧಿ, ಇನ್ನು ನಾನು ನೆಮ್ಮದಿಯಿಂದ ಸಾಯಬಹುದು ಅಂದುಕೊಂಡಳು ಚಂಬವ್ವ.

ಬೆಳಿಗ್ಗೆ ಹಾಲು ಕರೆಯಲು ಕೊಟ್ಟಿಗೆಗೆ ಹೋದರೆ, ಹುಲ್ಲು ಹಾಕುವ ಗೋದಲಿಯಲ್ಲಿ ಗುಡ್ಡದಪ್ಪ ಕೂತಿದ್ದ! ಮಲ್ಲೇಶಿ ದೇವರ ಎರಡೂ ಕಿವಿ ಹಿಡಿದು ಎಮ್ಮೆಯ ಮುಂದೆ ಬಾಗಿಸಿದ್ದ.

“ಅನ್ನಪಾ, ತಪ್ಪಾತು ಅನ್ನು! ನಾಚಬ್ಯಾಡ!”

ಎಮ್ಮೆ ನಾಲಿಗೆ ಚಾಚಿ ದೇವರ ಹಣೆಯ ವಿಭೂತಿಯನ್ನೆಲ್ಲ ನೆಕ್ಕಿತು.

“ಅವ್ವಾ, ಎಮ್ಮಿ ಕ್ಷಮಿಸ್ತು!” ಮಲ್ಲೇಶಿ ದೇವರನ್ನು ಹೆಗಲಿಗೇರಿಸಿದ. “ನಡಿ ಗುಡ್ಡದಪ್ಪಾ, ಫಕೀರವ್ವನ ಮನಿ ಇನ್ನೂ ಐತಿ. ಹೆದರಬ್ಯಾಡ, ಅಲ್ಲಿ ನಾನೂ ಕಿವಿ ಹಿಡಕೊಳ್ತೇನಿ!”