ಒಂದು ನೂಲಿನಷ್ಟು ವಾಲಿದ ಗೋಡೆ

ರೈನ್ ನದಿಯ ದಡದಲ್ಲಿ ಒಂದು ಪುಟ್ಟ ಊರು. ಹೆಸರು ಬೇಡ, ಹೇಳಹೊರಟರೆ ನಾಲಿಗೆ ಗಂಟು ಬೀಳುತ್ತದೆ.

ತುರ್ಕಿಯಿಂದ ಬಂದ ಬೆಕಿರ್ ಅಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಕಲಿಸಿದವರು ಉಸ್ತಾದ್ ಇಲ್ಯಾಸ್. ಅವರೂ ಅದೇ ನಾಡು ಬಿಟ್ಟು ಬಂದವರು, ಅವನಿಗಿಂತ ಬಹಳ ಮೊದಲೇ. ಉಸ್ತಾದರು ಕಣ್ಣು ಕಿರಿದು ಮಾಡಿದರೆ ವಾಲಿದ ಗೋಡೆ ತಾನಾಗಿ ನೆಟ್ಟಗಾಗುತ್ತದೆ ಎಂದು ಜೊತೆಯವರು ಹೇಳುತ್ತಿದ್ದರು. ಅರ್ಧ ನಂಬಿದರೆ ಸಾಕು.

ಅತ್ತ ತುರ್ಕಿಯ ಊರಲ್ಲಿ ನೆರ್ಮಿನ್ ಕಾಯುತ್ತಿದ್ದಳು. ರೈನ್ ದಡದಲ್ಲಿ ಸ್ವಂತ ಮನೆ ಕಟ್ಟಿ ಮುಗಿದ ದಿನ ಮದುವೆಯಾಗಿ ಕರೆತರುತ್ತೇನೆ ಎಂದು ಬೆಕಿರ್ ಅವಳಿಗೆ ಮಾತು ಕೊಟ್ಟಿದ್ದ.

ನದಿಗೆ ಮುಖ ಮಾಡಿ ಗೋಡೆಗಳು ಎದ್ದವು.

"ಉಸ್ತಾದ್, ಏನಾದರೂ ತಪ್ಪಿದೆಯಾ, ನೋಡಿ."

ಉಸ್ತಾದರು ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು ನೋಡಿದರು.

"ಈ ಮೂಲೆ ಒಂದು ನೂಲಿನಷ್ಟು ವಾಲಿದೆ."

ಬೆಕಿರ್ ಮೂಲೆ ಒಡೆದ. ಮತ್ತೆ ಕಟ್ಟಿದ.

"ಈಗ?"

"ಮೂಲೆ ಸರಿ. ಬಾಗಿಲ ಚೌಕಟ್ಟು ಸ್ವಲ್ಪ ಓರೆ. ಅದಿರಲಿ, ಊಟಕ್ಕೆ ಮನೆಗೆ ಬಾರೋ. ಎಷ್ಟು ಸಲ ಕರೆಯಬೇಕು ನಿನ್ನ?"

"ಚೌಕಟ್ಟು ಮುಗೀಲಿ ಉಸ್ತಾದ್."

ನೆರ್ಮಿನ್ ಆಗಾಗ ಊರಿನ ಅಂಗಡಿಯಿಂದ ಫೋನು ಮಾಡುತ್ತಿದ್ದಳು.

"ಬಾಗಿಲು ಇಟ್ಟಾಯ್ತಾ?"

"ಇಟ್ಟಿದ್ದೆ, ಕಿತ್ತೆ. ಓರೆಯಾಗಿತ್ತು."

"ನಾನು ಮದುವೆ ಆಗೋದು ನಿನ್ನನ್ನ ಮಾರಾಯ, ಬಾಗಿಲನ್ನಲ್ಲ!"

ಇಬ್ಬರೂ ನಕ್ಕರು. ಅಂಗಡಿಯವನೂ ನಕ್ಕಿರಬೇಕು, ಅವನೇನು ಕಿವಿ ಮುಚ್ಚಿಕೊಂಡಿರುತ್ತಾನಾ?

ಮುಂದಿನ ಚಳಿಗಾಲಕ್ಕೆ ಗೋಡೆಗೆ ಹೊಸ ಗಾರೆ. ಆ ದೇಶದ ಚಳಿಯಲ್ಲಿ ಗಾರೆ ಬೇಗ ಒಣಗುವುದಿಲ್ಲ.

"ಒಣಗಲಿ, ಕರೆಸಿಕೊಳ್ತೀನಿ" ಎಂದ ಬೆಕಿರ್ ಫೋನಿನಲ್ಲಿ.

ನೆರ್ಮಿನ್ ಈ ಸಲ ನಗಲಿಲ್ಲ. ಗಾರೆ ಒಣಗಿತು. ಆಮೇಲೆ ನೆಲ ಸಮ ಇಲ್ಲ ಎಂದರು ಉಸ್ತಾದರು. ನೆಲ ಮುಗಿದ ಮೇಲೆ ಸೂರಿನಂಚು. ಹೀಗೇ ಚಳಿಗಾಲಗಳು ಹೋದವು.

ಕಡೆಗೊಂದು ದಿನ ಉಸ್ತಾದರು ಗುಂಡನ್ನು ಜೇಬಿಗೆ ಹಾಕಿಕೊಂಡರು.

"ಇನ್ನು ಹೇಳೋಕೆ ಏನೂ ಇಲ್ಲ."

ಬೆಕಿರ್ ತಾನೇ ಓಡಿಹೋಗಿ ಫೋನು ಮಾಡಿದ. ಅಂಗಡಿಯವನು ನೆರ್ಮಿನ್‌ಳನ್ನು ಕರೆಸಿದ.

"ಮುಗೀತು ನೆರ್ಮಿನ್! ಒಂದು ಕೂದಲಷ್ಟೂ ಓರೆ ಇಲ್ಲ."

"ಒಳ್ಳೇದಾಯ್ತು" ಎಂದಳು. "ಬರೋ ಶುಕ್ರವಾರ ನನ್ನ ಮದುವೆ, ಬೆಕಿರ್. ಹುಡುಗ ಇಲ್ಲೇ ಪಕ್ಕದ ಊರಿನವನು. ಬಾಡಿಗೆ ಮನೆ."

ಬೆಕಿರ್ ನದಿಯ ದಡದಲ್ಲೇ ನಡೆದು, ಮೊದಲ ಬಾರಿಗೆ ಉಸ್ತಾದರ ಮನೆಯ ಬಾಗಿಲು ತಟ್ಟಿದ. ಬಾಗಿಲು ತೆರೆಯಲಿಲ್ಲ.

"ಜೋರಾಗಿ ಒದಿ ಮಗಾ, ಅದು ಒದ್ದರೇ ತೆರೆಯೋದು!" ಒಳಗಿನಿಂದ ಉಸ್ತಾದರ ಹೆಂಡತಿ ಹೂರಿಯೆ ಕೂಗಿದರು.

ಒದ್ದ. ಒಳಗೆ ಬಂದು ನಿಂತ. ಇಷ್ಟು ದಿನದ ಸಿಟ್ಟು ಒಂದೇ ಸಲ ಬಂತು.

"ನೀವು ತಪ್ಪು ತೋರಿಸ್ತಾ ಹೋದಿರಿ, ನಾನು ಒಡೀತಾ ಹೋದೆ. ಈಗ ಅವಳೇ ಇಲ್ಲ."

"ತಪ್ಪು ಎಲ್ಲಿದೆ ಅಂತ ನೀನು ಕೇಳಿದೆ, ನಾನು ತೋರಿಸಿದೆ. ಅವಳನ್ನ ಕರೆಸಲಾ ಅಂತ ನೀನು ಕೇಳಲಿಲ್ಲ." ಉಸ್ತಾದರು ತಲೆ ತಗ್ಗಿಸಿದರು. "ಕೇಳದಿದ್ದರೂ ನಾನು ಹೇಳಬೇಕಿತ್ತು. ಕೂತ್ಕೋ."

ಬೆಕಿರ್ ಕೂರಲಿಲ್ಲ. ಅವನ ಕಣ್ಣು ಗೋಡೆಯ ಮೇಲೆ ನಿಂತಿತ್ತು. ಗೋಡೆ ಹೊಟ್ಟೆ ಬಿಟ್ಟಿತ್ತು. ಕಿಟಕಿಯ ಕೆಳಗೆ ಗಾರೆ ಅರ್ಧಕ್ಕೇ ನಿಂತು, ಇಟ್ಟಿಗೆ ಹಾಗೇ ಕಾಣುತ್ತಿತ್ತು.

"ಇದನ್ನ ಯಾರು ಕಟ್ಟಿದ್ದು ಉಸ್ತಾದ್?"

"ನಾನೇ."

"ನೀವಾ? ಅರ್ಧಕ್ಕೇ ಬಿಟ್ಟಿದ್ದೀರಲ್ಲ!"

ಉಸ್ತಾದರು ಹೆಂಡತಿಯ ಕಡೆ ನೋಡಿದರು. ಆಮೇಲೆ ರೊಟ್ಟಿ ಮುರಿದು, ಅವನಿಗೆಂದು ಹೂರಿಯೆ ಇಟ್ಟ ತಟ್ಟೆಗೆ ಹಾಕಿದರು.

"ಅಲ್ಲೀವರೆಗೆ ಗಾರೆ ಹಚ್ಚೋ ಹೊತ್ತಿಗೆ ಊರಿಂದ ಇವಳ ರೈಲು ಬರೋ ಹೊತ್ತಾಯ್ತು ಕಣೋ. ಕೈ ತೊಳ್ಕೊಂಡು ಸ್ಟೇಷನ್ನಿಗೆ ಹೋದೆ."