ನೆಲುವಿನ ಮೇಲಿನ ಕೊನೆಯ ಮದ್ದು

ವಿದ್ಯೆ ತಾಯಿಯಿಂದ ಮಕ್ಕಳಿಗೆ ಮಾತ್ರ ಇಳಿಯುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಲೋಕ ಇನ್ನೂ ಹಸಿಯಾಗಿತ್ತು. ಹೊಳೆ ನಂಬಿತ್ತು, ಗಾಳಿ ನಂಬಿತ್ತು. ಗೀಜಗದ ಮರಿ ಗೂಡು ನೇಯುತ್ತಿತ್ತು, ಕಾಗೆಯ ಮರಿ ನೇಯುತ್ತಿರಲಿಲ್ಲ. ಇನ್ನೇನು ಸಾಕ್ಷಿ ಬೇಕು?

ವೈದ್ಯ ಗುರುಪಾದಯ್ಯನೂ ನಂಬಿದ್ದ. ಅವನ ಮನೆಯ ನೆಲುವಿನಲ್ಲಿ ಒಂದು ಗಡಿಗೆ ತೂಗುತ್ತಿತ್ತು. ಅದರಲ್ಲಿ ಕೊನೆಯ ಮದ್ದು. ಬೇರೆಲ್ಲ ಮದ್ದು ಸೋತಾಗ ಮಾತ್ರ ಇಳಿಸಬೇಕಾದದ್ದು. ಮನುಷ್ಯರಿಗೆ ಅದನ್ನು ಕೊಟ್ಟೇ ಇರಲಿಲ್ಲ. ಕೋಳಿಗಳಿಗೆ ಕೊಡುತ್ತಿದ್ದ. ಕಾಳಿಗೆ ಚಿಟಿಕೆ ಬೆರೆಸಿದರೆ ಕೋಳಿ ಬೇಗ ಕೊಬ್ಬುತ್ತಿತ್ತು.

“ಕೋಳಿಗ್ಯಾಕ್ರೀ ಅದು?” ಎಂದಳು ಹೆಂಡತಿ ನೀಲವ್ವ. “ನಾಳೆ ಮೊಮ್ಮಗಳಿಗೆ ಬೇಕಾದೀತು.”

“ಗಡಿಗಿ ತುಂಬ ಐತಲ್ಲ! ಕೋಳಿ ಹೊಟ್ಟಿ ಹುಳ ಏನರ ಕಲಿತರ ಅದರ ಮಕ್ಕಳು ಕಲೀತಾವು. ನಮಗೇನು?”

ಅವನು ಹುಳ ಎಂದದ್ದು ಕಣ್ಣಿಗೆ ಕಾಣದ ಅಣುಜೀವಿಗಳನ್ನು. ಮದ್ದಿಗೆ ಅವು ಸತ್ತವು. ಒಂದು ಸಾಯಲಿಲ್ಲ. ಏಕೆಂದು ಅದಕ್ಕೂ ಗೊತ್ತಿರಲಿಲ್ಲ.

ಮಳೆ ಬಂತು. ಕೋಳಿಗೂಡಿನ ಕೊಳೆನೀರು ಅದನ್ನು ಹೊಳೆಗೆ ಒಯ್ದಿತು. ಅಲ್ಲಿ ಜ್ವರದ ಅಣುಜೀವಿಯೊಂದು ಎದುರಾಯಿತು. ಬೇರೆ ಕುಲ, ಬೇರೆ ಮನೆತನ.

“ಯಕ್ಕಾ, ಸಾಯದಿರೋ ವಿದ್ಯಾ ನಿನ್ನ ಹತ್ರ ಐತಂತಲ್ಲ. ನನಗೊಂಚೂರು ಕೊಡ.”

“ತಗೋ ತಂಗಿ. ನನ್ನದೇನು ಕಡಿಮಿ ಆಗೂದಿಲ್ಲ.”

ಆ ನೀರನ್ನು ಮೊಮ್ಮಗಳು ಗಂಗವ್ವ ಕುಡಿದಳು. ಜ್ವರ ಏರಿತು. ಎಲ್ಲ ಮದ್ದುಗಳೂ ಸೋತವು. ಗುರುಪಾದಯ್ಯ ಗಡಿಗೆ ಇಳಿಸಿದ. ಕೊನೆಯ ಮದ್ದು ಗಂಟಲಿಗಿಳಿಯಿತು, ಜ್ವರ ಇಳಿಯಲಿಲ್ಲ. ಹುಡುಗಿ ಉಳಿಯಲಿಲ್ಲ.

“ಈ ಜ್ವರ ನನ್ನ ಮದ್ದಿನ ಮುಖಾನ ಕಂಡಿಲ್ಲ,” ಎಂದು ಅವನು ಹೊಳೆಯ ಮುಂದೆ ನಿಂತ. “ಕಲಿತದ್ದು ಯಾರಿಂದ?”

“ಕೋಳಿ ಹೊಟ್ಟಿ ಹುಳ ಜ್ವರದ ಹುಳದ ಕೂಡ ಏನೋ ಮಾತಾಡತಿತ್ತು,” ಎಂದಿತು ಹೊಳೆ. “ಆದರ ಅವೆರಡೂ ತಾಯಿ ಮಗಳಲ್ಲ. ನನಗೂ ತಿಳೀವಲ್ದು.”

ಗಾಳಿಯನ್ನು ಕೇಳಿದ. ಗಾಳಿ ಎಂದಿನಂತೆ ಏನೋ ಅಂದು ಹೋಯಿತು.

ನಿನ್ನೆ ನೀನು ಬಟ್ಟಲು ಹಿಡಿದು ಪಕ್ಕದ ಮನೆಗೆ ಹೆಪ್ಪು ಕೇಳಲು ಹೋಗಿದ್ದೆಯಲ್ಲ, ಮಗು. ಒಂದು ಚಮಚ ಕೊಟ್ಟರು. ಬೆಳಗಾಗುವಷ್ಟರಲ್ಲಿ ನಮ್ಮ ಹಾಲೆಲ್ಲ ಮೊಸರು. ಅವರ ಮೊಸರು ಅವರಲ್ಲೇ ಇದೆ. ಇಂದು ಆಸ್ಪತ್ರೆಯಲ್ಲಿ ಕೊನೆಯ ಮದ್ದು ಸೋಲುವುದೂ ಅಣುಜೀವಿಗಳು ಹೀಗೆಯೇ ವಿದ್ಯೆ ಕೊಟ್ಟುಕೊಳ್ಳುವುದರಿಂದ.

ಹೆಪ್ಪು ಕೊಟ್ಟವರು ನಮಗೆ ನೆಂಟರಲ್ಲ.